ಫ್ಲ್ಯಾಶ್‌ಗೆ 23, ಲೋಕಿಗೆ 6: ಸಂಚಿಕೆಗಳ ಲೆಕ್ಕ ಹಾಕುವವರು ಯಾರು?

ಓದುಗರ ಪ್ರಶ್ನೆ: ‘ದಿ ಫ್ಲ್ಯಾಶ್’ ಧಾರಾವಾಹಿಯ ಮೊದಲ ಸೀಸನ್‌ನಲ್ಲಿ 23 ಸಂಚಿಕೆಗಳಿದ್ದವು, ‘ಲೋಕಿ’ಯಲ್ಲಿ ಆರೇ ಆರು. ಎರಡೂ ಕಾಮಿಕ್ಸ್‌ನಿಂದ ಬಂದ ಕಥೆಗಳೇ. ಒಂದು ಸೀಸನ್‌ಗೆ ಇಷ್ಟೇ ಸಂಚಿಕೆ ಎಂದು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ?

ಉತ್ತರ: ಕಥೆ ಎಷ್ಟು ಉದ್ದವಿದೆಯೋ ಅಷ್ಟು ಸಂಚಿಕೆ ಎಂದು ಹೇಳುವಂತಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅಮೆರಿಕದ ಟಿವಿ ಉದ್ಯಮದಲ್ಲಿ ಸಾಮಾನ್ಯವಾಗಿ ಸಂಖ್ಯೆ ಮೊದಲು ಬರುತ್ತದೆ, ಕಥೆ ಆಮೇಲೆ ಅದರೊಳಗೆ ಕೂರುತ್ತದೆ. ಹಣ ಹಾಕುವವರು ಯಾರು, ಹಾಕಿದ ಹಣ ಯಾವ ದಾರಿಯಿಂದ ಎಷ್ಟು ವರ್ಷಕ್ಕೆ ಹಿಂದಿರುಗುತ್ತದೆ ಎಂಬುದರ ಮೇಲೆ ಆ ಸಂಖ್ಯೆ ನಿಂತಿರುತ್ತದೆ. ವಾರಕ್ಕೆ ಐದಾರು ದಿನ ಪ್ರಸಾರವಾಗಿ, ಟಿಆರ್‌ಪಿ ಇರುವಷ್ಟು ಕಾಲ ಓಡಿ, ಅದು ಕುಸಿದಾಗ ಶುಭಂ ಹೇಳುವ ಕನ್ನಡ ಧಾರಾವಾಹಿಗಳನ್ನು ನೋಡಿ ಬೆಳೆದವರಿಗೆ ಮೊದಲೇ ಎಣಿಸಿಟ್ಟ ಈ ಸಂಖ್ಯೆಗಳು ವಿಚಿತ್ರವಾಗಿ ಕಾಣುವುದು ಸಹಜ. ಆದರೆ ಅಲ್ಲಿಯೂ ಸಂಖ್ಯೆ ಒಂದೇ ಸಲಕ್ಕೆ ನಿಗದಿಯಾಗುವುದಿಲ್ಲ. ಸಾಲದ ಹಣದಂತೆ ಅದೂ ಕಂತುಗಳಲ್ಲೇ ಮಂಜೂರಾಗುತ್ತದೆ.

ಈ ಲೆಕ್ಕದ ಮೂಲಮಾನ 13. ವರ್ಷದ 52 ವಾರಗಳನ್ನು ನಾಲ್ಕು ಭಾಗ ಮಾಡಿದರೆ ಬರುವುದು ಹದಿಮೂರು. ರೇಡಿಯೊ ಕಾಲದಲ್ಲಿ ಪ್ರಾಯೋಜಕರು ಪ್ರಸಾರದ ಸಮಯವನ್ನು ಹದಿಮೂರು ವಾರಗಳ ಗಂಟುಗಳಲ್ಲಿ ಕೊಳ್ಳುತ್ತಿದ್ದರು, ಟಿವಿ ಆ ರೂಢಿಯನ್ನು ಹಾಗೆಯೇ ಮುಂದುವರಿಸಿತು. 1952ರಿಂದ 1958ರವರೆಗೆ ಪ್ರಸಾರವಾದ ‘ಅಡ್ವೆಂಚರ್ಸ್ ಆಫ್ ಸೂಪರ್‌ಮ್ಯಾನ್’ನ ಮೊದಲ ಎರಡು ಸೀಸನ್‌ಗಳಲ್ಲಿ ತಲಾ 26 ಸಂಚಿಕೆಗಳಿದ್ದವು. ಕಪ್ಪು-ಬಿಳುಪಿನಿಂದ ಬಣ್ಣಕ್ಕೆ ಹೋಗಿ ಖರ್ಚು ಏರಿದ ಮೇಲೆ ಉಳಿದ ನಾಲ್ಕು ಸೀಸನ್‌ಗಳಿಗೆ ತಲಾ ಹದಿಮೂರೇ ಆಯಿತು. ಒಟ್ಟು 104, ಎಂದರೆ ವಾರಕ್ಕೊಂದರಂತೆ ಸರಿಯಾಗಿ ಎರಡು ವರ್ಷದ ಸರಕು. ನಮ್ಮ ದೂರದರ್ಶನವೂ ಪ್ರಾಯೋಜಿತ ಧಾರಾವಾಹಿಗಳಿಗೆ 13, 26, 52 ಎಂಬ ಲೆಕ್ಕದಲ್ಲೇ ಮಂಜೂರಾತಿ ಕೊಡುತ್ತಿದ್ದುದನ್ನು ಹಳಬರು ಬಲ್ಲರು.

ಇನ್ನು 22 ಎಂಬ ಸಂಖ್ಯೆ. ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್, ದಿ ಸಿಡಬ್ಲ್ಯು ಎಂಬ ಉಚಿತ ಪ್ರಸಾರದ ವಾಹಿನಿಗಳ ವರ್ಷ ಸೆಪ್ಟೆಂಬರ್‌ನಲ್ಲಿ ಆರಂಭವಾಗಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಇದು ಸುಮಾರು 35 ವಾರಗಳ ಅವಧಿ. ಜಾಹೀರಾತಿನ ದರ ನಿಗದಿಗಾಗಿ ವೀಕ್ಷಕರ ಸಂಖ್ಯೆಯನ್ನು ವಿಶೇಷವಾಗಿ ಅಳೆಯುವ ನವೆಂಬರ್, ಫೆಬ್ರುವರಿ, ಮೇ ತಿಂಗಳುಗಳು ಇದರೊಳಗೇ ಬರುತ್ತವೆ. ಆ ತಿಂಗಳುಗಳಲ್ಲಿ ಹೊಸ ಸಂಚಿಕೆ ಇರಲೇಬೇಕು, ಕ್ರಿಸ್‌ಮಸ್ ಆಸುಪಾಸಿನಲ್ಲಿ ಇಲ್ಲದಿದ್ದರೂ ನಡೆಯುತ್ತದೆ. ಹೀಗೆ ರಜೆ, ಮರುಪ್ರಸಾರಗಳನ್ನು ಕಳೆದು ಉಳಿಯುವುದೇ ಇಪ್ಪತ್ತೆರಡರ ಆಸುಪಾಸಿನ ಸಂಖ್ಯೆ. ಆದರೆ ಹೊಸ ಧಾರಾವಾಹಿಯೊಂದಕ್ಕೆ ಇಪ್ಪತ್ತೆರಡನ್ನೂ ಒಟ್ಟಿಗೆ ಕೊಡುವ ಧೈರ್ಯ ವಾಹಿನಿಗಳಿಗೆ ಇರುವುದಿಲ್ಲ. ಮೊದಲು ಒಂದು ಪೈಲಟ್, ಎಂದರೆ ಪ್ರಾಯೋಗಿಕ ಸಂಚಿಕೆ ತಯಾರಾಗುತ್ತದೆ. ಅದು ಮೆಚ್ಚುಗೆಯಾದರೆ ಮೇ ತಿಂಗಳಲ್ಲಿ, ನ್ಯೂಯಾರ್ಕ್‌ನಲ್ಲಿ ಜಾಹೀರಾತುದಾರರ ಮುಂದೆ ಮುಂದಿನ ವರ್ಷದ ಕಾರ್ಯಕ್ರಮಗಳನ್ನು ಮಂಡಿಸುವ ಹೊತ್ತಿಗೆ ಹದಿಮೂರು ಸಂಚಿಕೆಗಳ ಆರ್ಡರ್ ಸಿಗುತ್ತದೆ. ಪ್ರಸಾರ ಆರಂಭವಾಗಿ ಕೆಲವು ವಾರಗಳ ರೇಟಿಂಗ್ ಕೈಗೆ ಬಂದ ಮೇಲಷ್ಟೇ ಉಳಿದ ಒಂಬತ್ತರ ಮಾತು. ಉದ್ಯಮದವರು ಇದನ್ನು ಗಾಲ್ಫ್ ಆಟದಿಂದ ಎರವಲು ಪಡೆದು ‘ಬ್ಯಾಕ್ ನೈನ್’ ಎನ್ನುತ್ತಾರೆ.

ಹದಿಮೂರಕ್ಕೆ ಒಂಬತ್ತು ಕೂಡಿಸುವ ಈ ಸೂತ್ರ ಪ್ರತಿ ಬಾರಿಯೂ ಅಚ್ಚುಕಟ್ಟಾಗಿ ನಡೆಯುವುದಿಲ್ಲ. 2014ರಲ್ಲಿ ಫಾಕ್ಸ್ ವಾಹಿನಿ ‘ಗಾಥಮ್’ಗೆ ಮೊದಲು 13 ಕೊಟ್ಟು, ಅದನ್ನು 16ಕ್ಕೆ ಏರಿಸಿ, ಕೊನೆಗೆ 22 ಮಾಡಿತು. 2015ರ ಅಕ್ಟೋಬರ್ ಕೊನೆಯ ವಾರದಲ್ಲಿ, ಎಂದರೆ ಸ್ವಲ್ಪ ತಡವಾಗಿ, ಸಿಬಿಎಸ್‌ನಲ್ಲಿ ಆರಂಭವಾದ ‘ಸೂಪರ್‌ಗರ್ಲ್’ಗೆ ಹದಿಮೂರರ ಮೇಲೆ ಏಳು ಮಾತ್ರ ಸೇರಿ 20 ಆಯಿತು. ಬರೆಯುವವರಿಗೆ ಇದರಿಂದಾಗುವ ಫಜೀತಿ ಸಣ್ಣದಲ್ಲ: ಹದಿಮೂರನೆಯ ಸಂಚಿಕೆಯನ್ನು ಅಗತ್ಯ ಬಿದ್ದರೆ ಮುಕ್ತಾಯವೆಂದು ಒಪ್ಪಿಕೊಳ್ಳುವಂತೆಯೂ, ಇಲ್ಲದಿದ್ದರೆ ನಡುವಿನ ತಿರುವು ಎಂದು ದಾಟಿ ಹೋಗುವಂತೆಯೂ ಬರೆದಿಟ್ಟುಕೊಂಡಿರಬೇಕು.

ಸಂಖ್ಯೆ ಕಥೆಯನ್ನು ಹೇಗೆ ಹಿಡಿದಿಡುತ್ತದೆ ಎಂಬುದಕ್ಕೆ ‘ಏಜೆಂಟ್ಸ್ ಆಫ್ ಶೀಲ್ಡ್’ನ ಮೊದಲ ವರ್ಷಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. ಎಬಿಸಿಯಲ್ಲಿ ಅದು ಆರಂಭವಾದದ್ದು 2013ರ ಸೆಪ್ಟೆಂಬರ್ 24ರಂದು. ಶೀಲ್ಡ್ ಎಂಬ ಗುಪ್ತಚರ ಸಂಸ್ಥೆಯೊಳಗೆ ಅದರ ಶತ್ರು ಸಂಘಟನೆಯಾದ ಹೈಡ್ರಾದವರು ಬಹುಕಾಲದಿಂದ ನುಸುಳಿಕೊಂಡಿದ್ದಾರೆ ಎಂಬುದೇ ಆ ಸೀಸನ್‌ನ ಮುಖ್ಯ ತಿರುವು; ಆದರೆ ಅದೇ ಗುಟ್ಟನ್ನು ಬಯಲು ಮಾಡುವ, ಅದೇ ಕಥಾಲೋಕದ ಕ್ಯಾಪ್ಟನ್ ಅಮೆರಿಕಾ ಸಿನಿಮಾ ಅಮೆರಿಕದಲ್ಲಿ ತೆರೆ ಕಾಣಬೇಕಾಗಿದ್ದುದು 2014ರ ಏಪ್ರಿಲ್ 4ಕ್ಕೆ. ಸಿನಿಮಾಗಿಂತ ಮೊದಲು ಟಿವಿಯವರು ಬಾಯಿ ಬಿಡುವಂತಿರಲಿಲ್ಲ. ಹೀಗಾಗಿ ಹದಿನಾರು ಸಂಚಿಕೆಗಳ ಕಾಲ ತಂಡ ವಾರಕ್ಕೊಂದು ಪ್ರಕರಣ ಬಗೆಹರಿಸುತ್ತ ಕಾಲ ತಳ್ಳಿತು. ಏಪ್ರಿಲ್ 8ರ ಹದಿನೇಳನೆಯ ಸಂಚಿಕೆಯಲ್ಲಿ ಕಥೆ ಏಕಾಏಕಿ ಓಡತೊಡಗಿತು. ಎಂಟು ಸಂಚಿಕೆಗಳ ಸೀಸನ್ ಆಗಿದ್ದರೆ ಮಾರ್ಚ್‌ನಲ್ಲಿ ಆರಂಭಿಸಿ ನೇರವಾಗಿ ವಿಷಯಕ್ಕೆ ಬರಬಹುದಿತ್ತು. ಅದೇ ವಾಹಿನಿ ಮುಂದಿನ ವರ್ಷ ಹಾಗೊಂದು ಕಿರು ಸೀಸನ್ ಮಾಡಿಯೂ ಮಾಡಿತು: ‘ಏಜೆಂಟ್ ಕಾರ್ಟರ್’ಗೆ ಸಿಕ್ಕ ಎಂಟು ಸಂಚಿಕೆಗಳು ಶೀಲ್ಡ್‌ನ ಚಳಿಗಾಲದ ಬಿಡುವನ್ನು ತುಂಬಲು ಬೇಕಾದ ಎಂಟು ಸಂಚಿಕೆಗಳಾಗಿದ್ದವು.

ವಾಹಿನಿಗೆ ಇಷ್ಟು ಸಾಕು ಎನಿಸಿದರೂ ನಿರ್ಮಾಣ ಮಾಡುವ ಸ್ಟುಡಿಯೋಗೆ ಇನ್ನಷ್ಟು ಬೇಕಾಗಿರುತ್ತದೆ. ಇವೆರಡರ ಹಿತಾಸಕ್ತಿ ಬೇರೆ ಬೇರೆ ಎಂಬುದನ್ನು ಪ್ರೇಕ್ಷಕರು ಬಹುತೇಕ ಮರೆಯುತ್ತಾರೆ. ಹಳೆಯ ಪದ್ಧತಿಯಲ್ಲಿ ವಾಹಿನಿಯು ಪ್ರತಿ ಸಂಚಿಕೆಗೆ ಒಂದು ಪರವಾನಗಿ ಶುಲ್ಕ ಕೊಡುತ್ತದೆ. ಸೂಪರ್‌ಹೀರೋ ಧಾರಾವಾಹಿಯ ಖರ್ಚು ಆ ಶುಲ್ಕಕ್ಕಿಂತ ಹೆಚ್ಚೇ ಇರುತ್ತದೆ, ಕೊರತೆಯನ್ನು ಸ್ಟುಡಿಯೋ ತನ್ನ ಕೈಯಿಂದ ಹಾಕುತ್ತದೆ. ಆ ನಷ್ಟ ತುಂಬಿಬರುವುದು ಸ್ಥಳೀಯ ಕೇಂದ್ರಗಳಿಗೂ ಕೇಬಲ್ ವಾಹಿನಿಗಳಿಗೂ ಮರುಪ್ರಸಾರದ ಹಕ್ಕು ಮಾರಿದಾಗ. ವಾರಕ್ಕೆ ಐದು ದಿನ ಹಾಕುವ ಅವರು ಹತ್ತು ವಾರಕ್ಕೆ ಮುಗಿದುಹೋಗುವ ಸರಕನ್ನು ಕೊಳ್ಳುವುದಿಲ್ಲ; ನೂರು ಸಂಚಿಕೆಗಳಿದ್ದರೆ ಇಪ್ಪತ್ತು ವಾರ ನಿಶ್ಚಿಂತೆ. ವರ್ಷಕ್ಕೆ ಇಪ್ಪತ್ತೆರಡರಂತೆ ನಾಲ್ಕೂವರೆ ವರ್ಷದಲ್ಲಿ ನೂರು ತಲುಪಬಹುದು ಎಂಬುದೇ ದೀರ್ಘ ಸೀಸನ್‌ಗಳ ಹಿಂದಿನ ನಿಜವಾದ ಆಸೆ. ‘ಗಾಥಮ್’ ನಾಲ್ಕು ಸೀಸನ್‌ಗಳಲ್ಲಿ 88 ಮುಗಿಸಿತ್ತು. ಐದನೆಯ, ಕೊನೆಯ ಸೀಸನ್‌ಗೆ ನಿಗದಿಯಾಗಿದ್ದ ಹತ್ತಕ್ಕೆ ಎರಡು ಸೇರಿಸಲಾಯಿತು. ಒಟ್ಟು ಸರಿಯಾಗಿ 100. ಆ ಎರಡು ಸಂಚಿಕೆಗಳನ್ನು ಕಥೆ ಬೇಡಿತ್ತೆಂದು ಯಾರಾದರೂ ಹೇಳಿದರೆ ನಾನು ನಂಬಲಾರೆ.

ಅದಕ್ಕೂ ಬಹಳ ಹಿಂದೆ, 1966ರ ಜನವರಿಯಲ್ಲಿ ಎಬಿಸಿ ಆರಂಭಿಸಿದ ‘ಬ್ಯಾಟ್‌ಮ್ಯಾನ್’ ಇದೇ ಲೆಕ್ಕವನ್ನು ಅತಿ ವೇಗದಲ್ಲಿ ಮುಗಿಸಿತ್ತು. ಬುಧವಾರ ನಾಯಕನನ್ನು ಅಪಾಯದಲ್ಲಿ ಸಿಲುಕಿಸಿ ಗುರುವಾರ ಬಿಡಿಸುವ, ಅರ್ಧ ಗಂಟೆಯ ಎರಡೆರಡು ಸಂಚಿಕೆಗಳ ಪದ್ಧತಿಯಿಂದಾಗಿ ಮೊದಲ ಅರ್ಧ ವರ್ಷದಲ್ಲೇ 34, ಮುಂದಿನ ಸೀಸನ್‌ನಲ್ಲಿ 60 ಸಂಚಿಕೆಗಳು ತಯಾರಾದವು. ವೀಕ್ಷಕರು ಕಡಿಮೆಯಾಗಿ ವಾರಕ್ಕೊಂದಕ್ಕೆ ಇಳಿದಾಗ 26. ಮೂರೇ ಸೀಸನ್‌ಗೆ 120 ಸಂಚಿಕೆಗಳಾದವು. ಆ ಗಂಟೇ ಮುಂದೆ ದಶಕಗಟ್ಟಲೆ ಮರುಪ್ರಸಾರ ಕಂಡಿತು.

2012ರಿಂದೀಚೆಗೆ ಸೂಪರ್‌ಹೀರೋ ಧಾರಾವಾಹಿಗಳ ತವರಾಗಿದ್ದ ದಿ ಸಿಡಬ್ಲ್ಯು ವಾಹಿನಿಯ ಕಥೆ ಇನ್ನೂ ಸ್ವಾರಸ್ಯಕರ. ಅದರ ರೇಟಿಂಗ್ ದೊಡ್ಡ ವಾಹಿನಿಗಳಿಗೆ ಹೋಲಿಸಿದರೆ ಕಡಿಮೆ. ಹಾಗಿದ್ದೂ ‘ಆ್ಯರೋ’ ಮೊದಲ ಆರು ಸೀಸನ್‌ಗಳಲ್ಲಿ ತಲಾ 23 ಸಂಚಿಕೆ ಕಂಡಿತು. ವಾಹಿನಿಯ ಒಡೆತನ ಸಿಬಿಎಸ್ ಮತ್ತು ವಾರ್ನರ್ ಬ್ರದರ್ಸ್ ಕೈಯಲ್ಲಿತ್ತು, ಡಿಸಿ ಕಾಮಿಕ್ಸ್ ಆಧರಿಸಿದ ಈ ಧಾರಾವಾಹಿಗಳನ್ನು ತಯಾರಿಸುತ್ತಿದ್ದುದೂ ವಾರ್ನರ್ ಬ್ರದರ್ಸೇ. ಒಂದು ಜೇಬಿನಲ್ಲಿ ಜಾಹೀರಾತಿನ ಹಣ ಕಡಿಮೆ ಬಂದರೂ, 2011ರಲ್ಲಿ ನೆಟ್‌ಫ್ಲಿಕ್ಸ್ ಜೊತೆ ಮಾಡಿಕೊಂಡ ಒಪ್ಪಂದದಿಂದಲೂ ವಿದೇಶಿ ಮಾರಾಟದಿಂದಲೂ ಇನ್ನೊಂದು ಜೇಬು ತುಂಬುತ್ತಿತ್ತು. ಸಂಚಿಕೆ ಹೆಚ್ಚಿದಷ್ಟೂ ಮಾರಲು ಸರಕು ಹೆಚ್ಚು. ನೆಟ್‌ಫ್ಲಿಕ್ಸ್ ಒಪ್ಪಂದ 2019ರಲ್ಲಿ ನವೀಕರಣವಾಗಲಿಲ್ಲ, 2022ರಲ್ಲಿ ವಾಹಿನಿಯ ಶೇ 75ರಷ್ಟು ಪಾಲು ಸ್ಥಳೀಯ ಟಿವಿ ಕೇಂದ್ರಗಳನ್ನು ನಡೆಸುವ ನೆಕ್ಸ್‌ಸ್ಟಾರ್ ಕಂಪನಿಯ ಕೈಗೆ ಹೋಯಿತು. ಆಮೇಲಿನ ಲೆಕ್ಕ ‘ಸೂಪರ್‌ಮ್ಯಾನ್ ಆ್ಯಂಡ್ ಲೋಯಿಸ್’ನಲ್ಲಿ ಕಾಣುತ್ತದೆ: 15, 15, 13, ಕೊನೆಗೆ 10. ಆ ಕೊನೆಯ ಹತ್ತಕ್ಕೆ ಬಜೆಟ್ಟೂ ಕಡಿಮೆ, ಖಾಯಂ ಕಲಾವಿದರೂ ಕಡಿಮೆ.

ಹಣದ ಜೊತೆಗೆ ದೇಹಬಲದ ಮಿತಿಯೂ ಇದೆ. ಜಾಹೀರಾತು ಕಳೆದು ಸುಮಾರು 42 ನಿಮಿಷ ಬರುವ ಒಂದು ಸಂಚಿಕೆಯ ಚಿತ್ರೀಕರಣಕ್ಕೆ ಎಂಟು ಕೆಲಸದ ದಿನ ಎಂದು ಹಿಡಿದರೆ 23 ಸಂಚಿಕೆಗಳಿಗೆ 184 ದಿನ. ವಾರಕ್ಕೆ ಐದು ದಿನದಂತೆ 37 ವಾರ. ವ್ಯಾಂಕೂವರ್‌ನಲ್ಲಿ ಜುಲೈನಲ್ಲಿ ಆರಂಭಿಸಿದರೆ ಏಪ್ರಿಲ್‌ವರೆಗೆ ನಾಯಕನಟನಿಗೆ ಬೇರೆ ಬದುಕಿಲ್ಲ. ಗ್ರಾಫಿಕ್ಸ್ ಹಣವನ್ನೂ ಎಲ್ಲ ಸಂಚಿಕೆಗಳಿಗೆ ಸಮನಾಗಿ ಹಂಚಲಾಗುವುದಿಲ್ಲ. ‘ದಿ ಫ್ಲ್ಯಾಶ್’ ನೋಡಿದವರು ಗಮನಿಸಿರಬಹುದು: ಗ್ರಾಡ್ ಎಂಬ ಮಾತನಾಡುವ ಗೊರಿಲ್ಲಾ ವರ್ಷಕ್ಕೆ ಒಂದೆರಡು ಬಾರಿ ಬಂದು ಹೋಗುತ್ತದೆ, ಉಳಿದ ವಾರಗಳಲ್ಲಿ ಸ್ಟಾರ್ ಲ್ಯಾಬ್ಸ್‌ನ ಅದೇ ಕೋಣೆಯಲ್ಲಿ ಅದೇ ನಾಲ್ಕೈದು ಜನ ಕಂಪ್ಯೂಟರ್ ಸುತ್ತ ನಿಂತು ಮಾತನಾಡುತ್ತಾರೆ. ಗೊರಿಲ್ಲಾದ ಖರ್ಚನ್ನು ಆ ಕೋಣೆಯ ಮಾತುಗಳು ಸರಿದೂಗಿಸುತ್ತವೆ. ಬೃಹತ್ ತಂಡವಿದ್ದ, ಖರ್ಚೂ ಹೆಚ್ಚಿದ್ದ ‘ಲೆಜೆಂಡ್ಸ್ ಆಫ್ ಟುಮಾರೋ’ ಒಮ್ಮೆಯೂ 18 ದಾಟದೆ ಉಳಿಯಿತು.

ಸ್ಟ್ರೀಮಿಂಗ್‌ನಲ್ಲಿ ಸೆಪ್ಟೆಂಬರ್‌ನಿಂದ ಮೇವರೆಗೆ ತುಂಬಬೇಕಾದ ಖಾಲಿ ಜಾಗವಿಲ್ಲ, ಸ್ಥಳೀಯ ಕೇಂದ್ರಗಳಿಗೆ ಮಾರುವ ಆಸೆಯೂ ಇಲ್ಲ. ಅಲ್ಲಿ ಕೇಳುವ ಪ್ರಶ್ನೆ ಬೇರೆ: ಚಂದಾದಾರರು ಬರಲು, ಬಂದವರು ಬಿಟ್ಟುಹೋಗದಿರಲು ಎಷ್ಟು ಬೇಕು? ಆದರೂ ಅಭ್ಯಾಸಬಲ ದೊಡ್ಡದು. 2013ರಲ್ಲಿ ಮಾರ್ವೆಲ್ ಜೊತೆ ಒಪ್ಪಂದವಾದಾಗ ನೆಟ್‌ಫ್ಲಿಕ್ಸ್ ನಾಲ್ಕು ಧಾರಾವಾಹಿಗಳಿಗೂ ತಲಾ ಹದಿಮೂರನ್ನೇ ಆರಿಸಿಕೊಂಡಿತು. ಜಾಹೀರಾತೇ ಇಲ್ಲದ, ಒಂದೇ ದಿನ ಎಲ್ಲ ಸಂಚಿಕೆಗಳೂ ಬರುವ ಕಡೆ ರೇಡಿಯೊ ಕಾಲದ ಅಂಕಿಗೆ ಯಾವ ಅರ್ಥವೂ ಇರಲಿಲ್ಲ. ನಡುವಿನ ಸಂಚಿಕೆಗಳು ಜೋಲು ಬೀಳುತ್ತವೆ ಎಂಬ ದೂರು ಸುಮ್ಮನೆ ಬಂದದ್ದಲ್ಲ. ಮುಂದೆ ‘ದಿ ಡಿಫೆಂಡರ್ಸ್’ 8ಕ್ಕೆ, ‘ಐರನ್ ಫಿಸ್ಟ್’ನ ಎರಡನೆಯ ಸೀಸನ್ 10ಕ್ಕೆ ಇಳಿದವು. ಡಿಸ್ನಿ ಪ್ಲಸ್‌ನಲ್ಲಿ ‘ವಾಂಡಾವಿಷನ್’ಗೆ 9, ‘ಲೋಕಿ’, ‘ಹಾಕ್‌ಐ’, ‘ಮೂನ್ ನೈಟ್’ಗಳಿಗೆ 6. ಈ ಬಗೆಯ ಧಾರಾವಾಹಿಗಳಲ್ಲಿ ಒಂದೊಂದು ಸಂಚಿಕೆಗೆ 2.5 ಕೋಟಿ ಡಾಲರ್‌ವರೆಗೂ ಖರ್ಚಾಗುತ್ತದೆಂದು ಪತ್ರಿಕೆಗಳು ವರದಿ ಮಾಡಿದ್ದವು. ಆ ದರದಲ್ಲಿ ಆರು ಸಂಚಿಕೆ ಎಂದರೆ ಒಂದು ದೊಡ್ಡ ಸಿನಿಮಾದ ಬಜೆಟ್. ಸಿನಿಮಾಗಳಲ್ಲಿ ನಟಿಸುವ, ‘ಲೋಕಿ’ಯ ನಾಯಕನಟ ಟಾಮ್ ಹಿಡ್ಲ್‌ಸ್ಟನ್ ಅಂಥವರು ಕೆಲವು ತಿಂಗಳ ಕೆಲಸಕ್ಕೆ ಒಪ್ಪಬಹುದೇ ಹೊರತು ವರ್ಷಕ್ಕೆ 37 ವಾರಗಳಿಗಲ್ಲ.

ಒಪ್ಪಿಕೊಂಡ ಸಂಖ್ಯೆಯೂ ಕಲ್ಲಿನಲ್ಲಿ ಕೊರೆದದ್ದಲ್ಲ. 2007ರ ನವೆಂಬರ್‌ನಲ್ಲಿ ಬರಹಗಾರರು ನೂರು ದಿನಗಳ ಮುಷ್ಕರಕ್ಕಿಳಿದಾಗ ‘ಹೀರೋಸ್’ನ ಎರಡನೆಯ ಸೀಸನ್ ಹನ್ನೊಂದಕ್ಕೇ ನಿಂತಿತು, ಹನ್ನೊಂದನೆಯದರ ಕೊನೆಯನ್ನು ಬದಲಿಸಿ ಮುಕ್ತಾಯದಂತೆ ಕಾಣಿಸಬೇಕಾಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಚಿತ್ರೀಕರಣ ನಿಂತಾಗ ‘ದಿ ಫ್ಲ್ಯಾಶ್’ನ ಆರನೆಯ ಸೀಸನ್ 22ರ ಬದಲು 19ಕ್ಕೆ ಮುಗಿಯಿತು. 2019ರ ‘ಸ್ವಾಂಪ್ ಥಿಂಗ್’ಗೆ 13 ಎಂದು ಹೇಳಿ ಚಿತ್ರೀಕರಣದ ನಡುವೆಯೇ 10 ಎಂದರು, ಮೊದಲ ಸಂಚಿಕೆ ಬಂದು ವಾರ ಕಳೆಯುವುದರೊಳಗೆ ಅದನ್ನೇ ಕೈಬಿಟ್ಟರು. 2022ರಲ್ಲಿ 18 ಸಂಚಿಕೆ ಎಂದು ಸಾರಿದ್ದ ‘ಡೇರ್‌ಡೆವಿಲ್: ಬಾರ್ನ್ ಅಗೇನ್’ ಕಥೆಯನ್ನೇ ಬಹುಮಟ್ಟಿಗೆ ಕಳಚಿ ಕಟ್ಟಿದ ಮೇಲೆ 2025ರಲ್ಲಿ ಮೊದಲ ಸೀಸನ್ ಆಗಿ ಬಂದದ್ದು 9.

2023ರ ಬರಹಗಾರರ ಮುಷ್ಕರದ ನಂತರ ಈ ಸಂಖ್ಯೆಗೆ ಇನ್ನೊಂದು ಕೆಲಸವೂ ಅಂಟಿಕೊಂಡಿದೆ. ಒಬ್ಬರೇ ಕುಳಿತು ಇಡೀ ಸೀಸನ್ ಬರೆಯದೆ ತಂಡ ಕಟ್ಟಿಕೊಂಡು ಬರೆಸುವ ಕಡೆ, ಆರು ಅಥವಾ ಅದಕ್ಕಿಂತ ಕಡಿಮೆ ಸಂಚಿಕೆಗಳ ಸೀಸನ್‌ಗೆ ಕನಿಷ್ಠ ಮೂವರು, ಏಳರಿಂದ ಹನ್ನೆರಡಕ್ಕೆ ಐವರು, ಹದಿಮೂರು ಮತ್ತು ಮೇಲ್ಪಟ್ಟದ್ದಕ್ಕೆ ಆರು ಮಂದಿ ಬರಹಗಾರರಿರಬೇಕೆಂದು ಹೊಸ ಒಪ್ಪಂದ ಹೇಳುತ್ತದೆ. ಆದ್ದರಿಂದ ಈಗ ಆರರ ಬದಲು ಏಳು ಎಂದು ತೀರ್ಮಾನಿಸುವ ನಿರ್ಮಾಪಕರು ಒಂದು ಸಂಚಿಕೆಯ ಖರ್ಚಿನ ಜೊತೆಗೆ ಇನ್ನಿಬ್ಬರ ಸಂಬಳವನ್ನೂ ಎಣಿಸಬೇಕಾಗುತ್ತದೆ.