ರೋಗಕ್ಕೆ ಧರ್ಮ ಅಂಟಿಸಿದ್ದು: ಗೌರಿಬಿದನೂರಿನಿಂದ ಸೂಸೈಪಾಳ್ಯದವರೆಗೆ

2020ರ ಏಪ್ರಿಲ್, ಕೋವಿಡ್ ಕಾಲ. ಗೌರಿಬಿದನೂರಿನ ನಮ್ಮ ಬೀದಿಗೆ ದಿನಾ ಸೊಪ್ಪಿನ ಗಾಡಿ ತರುತ್ತಿದ್ದ ಸಾಬರು ಅಂದೂ ಬಂದಿದ್ದರು. "ದಂಟು ಐತೆ, ಮೆಂತ್ಯ ಐತೆ, ತಗಳ್ರಮ್ಮಾ" ಎಂದು ಕೂಗಿದರೂ ಯಾರೂ ಹೊರಗೆ ಬರಲಿಲ್ಲ. ಒಂದು ಕಿಟಕಿಯಿಂದ ದನಿ ಬಂತು: "ನಾಳೆಯಿಂದ ಈ ಕಡೆ ಬರ್ಬೇಡಪ್ಪಾ." ಅವರು ಬಾಡುತ್ತಿದ್ದ ಸೊಪ್ಪಿಗೆ ನೀರು ಚಿಮುಕಿಸಿ ಗಾಡಿ ತಿರುಗಿಸಿದರು. ನಾನೂ ಬಾಗಿಲು ತೆರೆಯಲಿಲ್ಲ.

ಭಯಕ್ಕೆ ಕಾರಣವಿತ್ತು. ಮಾರ್ಚ್‌ನಲ್ಲಿ ಮೆಕ್ಕಾದಿಂದ ನಮ್ಮೂರಿಗೆ ಮರಳಿದವರಲ್ಲಿ ಸೋಂಕು ಕಂಡಿತ್ತು. ದೆಹಲಿಗೆ ಹೋಗಿಬಂದಿದ್ದ ಶಿರಾದ ಒಬ್ಬರು ತೀರಿಕೊಂಡಿದ್ದರು. ಬೆನ್ನಿಗೇ ದೆಹಲಿಯ ನಿಜಾಮುದ್ದೀನ್‌ನಲ್ಲಿ ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಧರ್ಮಪ್ರಚಾರ ಸಂಘಟನೆ ನಡೆಸಿದ್ದ ಸಭೆಯ ಸುದ್ದಿ. ಪ್ರಯಾಣ ಮಾಡಿದವರಿಗೆ ಅಂಟಿದ ರೋಗ ವಾಟ್ಸ್ಆಪ್‌ನಲ್ಲಿ ಒಂದು ಸಮುದಾಯದ ಸಂಚಾಗಿಬಿಟ್ಟಿತು.

ಯಾವ ಸಮುದಾಯಕ್ಕೂ ಹಣೆಪಟ್ಟಿ ಹಚ್ಚಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್ 8ರಂದು ಸಲಹೆ ಹೊರಡಿಸಿತು. ಅದೇ ಸಚಿವಾಲಯ ಏಪ್ರಿಲ್ 18ರಂದು 14,378 ಪ್ರಕರಣಗಳಲ್ಲಿ 4,291 ತಬ್ಲೀಗಿ ಸಭೆಗೆ ಸೇರಿದವು ಎಂದು ಲೆಕ್ಕ ಒಪ್ಪಿಸಿತು. ಸಲಹೆ ಯಾರ ಕಿವಿಗೂ ಬೀಳಲಿಲ್ಲ, ಲೆಕ್ಕ ಮನೆಮನೆ ಮುಟ್ಟಿತು. ಮುಸ್ಲಿಮರನ್ನು ದೂಷಿಸಿದರೆ ಕ್ರಮ ಕೈಗೊಳ್ಳುತ್ತೇನೆ ಎಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಆ ದಿನಗಳಲ್ಲೇ ಎಚ್ಚರಿಸಿದ್ದನ್ನು ಮರೆಯಬಾರದು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ ತಬ್ಲೀಗಿ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದುಮಾಡಿ, ಅವರನ್ನು ಬಲಿಪಶು ಮಾಡಲಾಗಿದೆ ಎಂದಿತು. ಅಷ್ಟರಲ್ಲಿ ಎಷ್ಟೋ ಗಾಡಿಗಳು ಬೀದಿ ಬದಲಿಸಿದ್ದವು.

ಇಂಥ ದೂರನ್ನು ಮೊದಲು ಹೊತ್ತವರಲ್ಲಿ ಕ್ರೈಸ್ತರೂ ಇದ್ದರು. ಕ್ರಿ.ಶ. 250ರ ಸುಮಾರಿಗೆ ರೋಮನ್ ಸಾಮ್ರಾಜ್ಯದಲ್ಲಿ ಪಿಡುಗು ಹಬ್ಬಿದಾಗ, ನಮ್ಮ ದೇವತೆಗಳನ್ನು ಪೂಜಿಸದ ಇವರಿಂದಲೇ ಈ ಕೇಡು ಎಂದರು. ಕಾರ್ಥೇಜ್‌ನ ಬಿಷಪ್ ಸಿಪ್ರಿಯನ್ ಅದಕ್ಕೆ ಉತ್ತರ ಬರೆಯಬೇಕಾಯಿತು. 1348ರ ಪ್ಲೇಗಿನಲ್ಲಿ ಬಾವಿಗೆ ವಿಷ ಹಾಕಿದರೆಂದು ಯುರೋಪಿನಲ್ಲಿ ಯಹೂದಿಗಳನ್ನು ಕೊಂದರು. ನಮ್ಮ ಕಾಲದಲ್ಲೇ ಶ್ರೀಲಂಕಾ, ಕೋವಿಡ್‌ನಿಂದ ಸತ್ತ ಮುಸ್ಲಿಮರನ್ನೂ ಸುಡಲೇಬೇಕೆಂದು 2021ರ ಫೆಬ್ರವರಿವರೆಗೆ ಹಟ ಹಿಡಿಯಿತು. ಹೂಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದರೂ!

ಎರಡನೇ ಅಲೆ ಬಂದ ವರ್ಷ ಇಲ್ಲಿ ಪೆಟ್ಟು ತಿಂದವರು ಕ್ರೈಸ್ತರು; ಈ ಸಲ ಮಾತು ರೋಗದ್ದಲ್ಲ, ಮತಾಂತರದ್ದು. 2021ರ ಜನವರಿಯಿಂದ ನವೆಂಬರ್‌ವರೆಗೆ ರಾಜ್ಯದಲ್ಲಿ ಅವರ ವಿರುದ್ಧ 39 ದ್ವೇಷದ ಪ್ರಕರಣಗಳನ್ನು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ದಾಖಲಿಸಿತು. ಡಿಸೆಂಬರ್‌ನಲ್ಲಿ ಶ್ರೀನಿವಾಸಪುರದಲ್ಲಿ ಕ್ರೈಸ್ತ ಪುಸ್ತಕಗಳಿಗೆ ಬೆಂಕಿ ಇಟ್ಟರು. ಅದೇ ತಿಂಗಳ 23ರಂದು ಚಿಕ್ಕಬಳ್ಳಾಪುರದ ಸೂಸೈಪಾಳ್ಯದ ಹಳೆಯ ಸಂತ ಜೋಸೆಫರ ಚರ್ಚಿನಲ್ಲಿ ಸಂತ ಅಂತೋಣಿಯವರ ಪ್ರತಿಮೆಗೆ ಹಾನಿಯಾಯಿತು. ವಿಧಾನಸಭೆ ಮತಾಂತರ ನಿಷೇಧ ಮಸೂದೆಯನ್ನು ಅಂಗೀಕರಿಸಿದ್ದೂ ಅದೇ ದಿನ. 2022ರಲ್ಲಿ ಜಾರಿಗೆ ಬಂದ ಆ ಕಾಯ್ದೆಯನ್ನು ರದ್ದುಮಾಡಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು.

ಸಂವಿಧಾನದ 25ನೇ ವಿಧಿ ಆರೋಗ್ಯದ ಕಾರಣಕ್ಕೆ ಪೂಜೆ, ಪ್ರಾರ್ಥನೆಗೆ ಮಿತಿ ಹಾಕಲು ಬಿಡುತ್ತದೆ. ಗುಡಿ, ಮಸೀದಿ, ಚರ್ಚು ಎಲ್ಲಕ್ಕೂ ಒಂದೇ ಬೀಗ ಬಿದ್ದಾಗ ಅನ್ಯಾಯವಾಗಲಿಲ್ಲ. ಅನ್ಯಾಯವಾದದ್ದು ರೋಗಿಯ ಲೆಕ್ಕಕ್ಕೆ ಧರ್ಮದ ಕಾಲಂ ಸೇರಿದಾಗ. ಮುಂದಿನ ಪಿಡುಗಿಗೆ ಜಿಲ್ಲಾಡಳಿತ ಸಿದ್ಧಪಡಿಸುವ ನಮೂನೆಗಳಲ್ಲಿ, ಬುಲೆಟಿನ್‌ನಲ್ಲಿ, ರೇಷನ್ ಪಟ್ಟಿಯಲ್ಲಿ ಆ ಕಾಲಂ ಇರಕೂಡದು. ಆದರೆ ಗಾಡಿ ತಡೆಯುವವರ ಮೇಲೆ ದೂರು ಕೊಡಲು ಒಂದು ನಂಬರ್ ಇರಲೇಬೇಕು.