ಬೈಕ್ ಓಡಿಸಲು ಬರದವರು ಕ್ವಾಡ್ ಬೈಕ್ ಸವಾರಿಗೆ ಹೋಗಬಹುದಾ?

ಪ್ರಶ್ನೆ: ನನಗೆ ಸ್ಕೂಟರ್ ಕೂಡ ಓಡಿಸಲು ಬರುವುದಿಲ್ಲ. ನವೆಂಬರ್‌ನಲ್ಲಿ ಅಂಕೋರ್ ವಾಟ್ ನೋಡಲು ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಹೊರಟಿದ್ದೇವೆ. ಅಲ್ಲಿ ಹಳ್ಳಿ ದಾರಿಗಳಲ್ಲಿ ಗೈಡ್ ಜೊತೆ ಕ್ವಾಡ್ ಬೈಕ್ ಸವಾರಿ ಇದೆಯಂತೆ. ನಮ್ಮ ಯಜಮಾನರು ಕಾಲೇಜು ದಿನಗಳಿಂದ ಬುಲೆಟ್ ಓಡಿಸಿದವರು. ‘ನೀನು ಸುಮ್ನೆ ನನ್ನ ಹಿಂದೆ ಕೂತ್ಕೋ’ ಅಂತಾರೆ. ನನಗೆ ನಾನೇ ಓಡಿಸಬೇಕು ಅಂತ ಆಸೆ. ಆಗುತ್ತಾ? ಲೈಸೆನ್ಸ್ ಕೇಳ್ತಾರಾ? 12 ವರ್ಷದ ಮಗನೂ ಜೊತೆಗೆ ಬರುತ್ತಾನೆ.

ಉತ್ತರ: ಆಗುತ್ತೆ. ಧಾರಾಳವಾಗಿ ಓಡಿಸಿ. ನಿಜ ಹೇಳಬೇಕೆಂದರೆ ನನಗೆ ನಿಮಗಿಂತ ನಿಮ್ಮ ಯಜಮಾನರದ್ದೇ ಜಾಸ್ತಿ ಚಿಂತೆ. ಯಾಕೆ ಅಂತ ಹೇಳುತ್ತೇನೆ.

ಸ್ಕೂಟರ್ ಕಲಿಯುವಾಗ ಎಲ್ಲರಿಗೂ ಮೊದಲ ಭಯ ಬ್ಯಾಲೆನ್ಸ್‌ನದು. ಕ್ವಾಡ್ ಬೈಕಿಗೆ ನಾಲ್ಕು ಚಕ್ರ. ನಿಂತರೂ ಬೀಳಲ್ಲ, ನಿಧಾನಕ್ಕೆ ಹೋದರೂ ಬೀಳಲ್ಲ. ಬಾಡಿಗೆ ಸವಾರಿಗೆ ಕೊಡುವ ಗಾಡಿಗಳು ಹೆಚ್ಚಾಗಿ ಆಟೋಮ್ಯಾಟಿಕ್. ಕ್ಲಚ್ ಇಲ್ಲ, ಓಡುವಾಗ ಗೇರ್ ಬದಲಿಸುವ ಗೋಜಿಲ್ಲ. ಬಲಗೈ ಹಿಡಿಕೆಯ ಪಕ್ಕದಲ್ಲಿ ಒಂದು ಪುಟ್ಟ ಲಿವರ್ ಇರುತ್ತದೆ. ಅದನ್ನು ಹೆಬ್ಬೆರಳಿನಿಂದ ಒತ್ತಿದರೆ ಗಾಡಿ ಮುಂದಕ್ಕೆ ಹೋಗುತ್ತದೆ. ಬೆರಳು ಬಿಟ್ಟರೆ ವೇಗ ತಗ್ಗುತ್ತದೆ. ಇಷ್ಟು ಕಲಿಯಲು ಐದು ನಿಮಿಷ ಸಾಕು.

ಈಗ ಬುಲೆಟ್ ಸವಾರರ ಕಥೆ. ಹೊರಡುವ ಮೊದಲು ಗೈಡ್ ಎಲ್ಲರನ್ನೂ ಒಂದು ಬಯಲಿನಲ್ಲಿ ಒಂದೆರಡು ಸುತ್ತು ಓಡಿಸುತ್ತಾನೆ. ಅಲ್ಲಿ ಬದಿಗೆ ನಿಂತು ನೋಡಿದರೆ ಬೈಕ್ ಬರುವವರು ಯಾರು ಅಂತ ಕೇಳುವುದೇ ಬೇಡ, ಗೊತ್ತಾಗಿಬಿಡುತ್ತದೆ. ಹೊರಡುವಾಗ ಹಿಡಿಕೆ ತಿರುವುತ್ತಾರೆ, ಗಾಡಿ ಅಲುಗುವುದಿಲ್ಲ. ತಿರುವು ಬಂದಾಗ ಗಾಡಿಯನ್ನೇ ವಾಲಿಸಲು ನೋಡುತ್ತಾರೆ, ಅದು ವಾಲುವುದಿಲ್ಲ. ನಿಲ್ಲಿಸುವಾಗ ಅಭ್ಯಾಸಬಲದಿಂದ ಒಂದು ಕಾಲು ನೆಲಕ್ಕಿಡುತ್ತಾರೆ. ಈ ಕೊನೆಯದು ತಮಾಷೆಯಲ್ಲ. ಬೈಕಿನಲ್ಲಿ ಕಾಲು ಕೆಳಗಿಡದಿದ್ದರೆ ಬೀಳುತ್ತೀರಿ. ಕ್ವಾಡ್‌ನಲ್ಲಿ ಕಾಲು ಕೆಳಗಿಟ್ಟರೆ ನಿಮ್ಮದೇ ಹಿಂದಿನ ಚಕ್ರ ಬಂದು ಮೀನಖಂಡವನ್ನು ಒತ್ತಿಬಿಡುತ್ತದೆ. ಗಾಡಿ ಪೂರ್ತಿ ನಿಲ್ಲುವವರೆಗೂ ಎರಡೂ ಪಾದ ಫುಟ್‌ರೆಸ್ಟ್ ಮೇಲೇ ಇರಬೇಕು. ನಿಮಗೆ ಆ ಹಳೆಯ ಅಭ್ಯಾಸ ಇಲ್ಲವೇ ಇಲ್ಲ, ಹಾಗಾಗಿ ಮರೆಯಬೇಕಾದ್ದೂ ಇಲ್ಲ.

ತಿರುವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕಲ್ಲ? ಕಾರಿನಲ್ಲಿ ಇದಕ್ಕಾಗಿಯೇ ಡಿಫರೆನ್ಷಿಯಲ್ ಇರುತ್ತದೆ, ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಬಹಳಷ್ಟು ಕ್ವಾಡ್‌ಗಳಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸೆಲ್‌ಗೆ ಕೂತಿರುತ್ತವೆ. ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಹಾಗಾಗಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗಲು ಹಟ ಮಾಡುತ್ತದೆ. ಸಡಿಲ ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತದೆ. ಟಾರು ರಸ್ತೆಯಲ್ಲಿ ಜಾರುವುದಕ್ಕೆ ಆಗದೆ ಗಾಡಿ ಒದ್ದಾಡುತ್ತದೆ. ಟೈರುಗಳಲ್ಲಿ ಗಾಳಿಯೂ ತೀರಾ ಕಡಿಮೆ. ಕಾರಿನ ಟೈರಿಗೆ 30ರ ಮೇಲೆ ಪಿಎಸ್ಐ ಹಾಕಿಸುತ್ತೇವೆ, ಇದಕ್ಕೆ ಸಾಮಾನ್ಯವಾಗಿ 10ಕ್ಕಿಂತ ಕಡಿಮೆ. ಕೆಸರು, ಮರಳಿನಲ್ಲಿ ಹೂತುಹೋಗದಿರಲಿ ಅಂತ.

ಹಾಗಾದರೆ ತಿರುಗಿಸುವುದು ಹೇಗೆ? ತಿರುವಿಗೆ ಮೊದಲೇ ಬೆರಳು ಸಡಿಲಿಸಿ. ನಿಮ್ಮ ಮೈಯನ್ನು ತಿರುವಿನ ಒಳಬದಿಗೆ ವಾಲಿಸಿ. ಎಡಕ್ಕೆ ಹೋಗಬೇಕಾದರೆ ಭಾರ ಎಡಕ್ಕೆ. ಮೈ ಹೊರಗಡೆ ವಾಲಿದರೆ ಒಳಗಿನ ಚಕ್ರ ಮೇಲೇಳುತ್ತದೆ. ಕ್ವಾಡ್‌ನ ನಿಜವಾದ ಅಪಾಯ ಇರುವುದು ಇಲ್ಲೇ. ಅದು ಬೈಕಿನ ಹಾಗೆ ಬೀಳುವುದಿಲ್ಲ, ಮಗುಚುತ್ತದೆ. ಎರಡು–ಮೂರು ಕ್ವಿಂಟಾಲ್ ತೂಕದ ಗಾಡಿ ಮೈಮೇಲೆ ಬಂದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಆಸ್ಟ್ರೇಲಿಯಾದ ರೈತರು ಕ್ವಾಡ್ ಬೈಕನ್ನು ಹೊಲದಲ್ಲಿ ದಿನಾ ಬಳಸುತ್ತಾರೆ. ಮಗುಚಿ ಸತ್ತವರು ಎಷ್ಟೋ ಜನ. ಅದಕ್ಕೇ ಅಲ್ಲಿ 2021ರ ಅಕ್ಟೋಬರ್‌ನಿಂದ ಮಾರುವ ಹೊಸ ಕೃಷಿ ಕ್ವಾಡ್‌ಗಳಲ್ಲಿ ಸವಾರನನ್ನು ಕಾಪಾಡುವ ಕಮಾನು ಕಡ್ಡಾಯ ಮಾಡಿದ್ದಾರೆ. ಸಿಯೆಮ್ ರೀಪ್‌ನ ಬಾಡಿಗೆ ಗಾಡಿಗಳಲ್ಲಿ ಅದನ್ನೆಲ್ಲ ನಿರೀಕ್ಷಿಸಬೇಡಿ. ನಿಧಾನವೇ ನಿಮ್ಮ ರಕ್ಷಣೆ.

ಹೆಬ್ಬೆರಳ ಲಿವರ್‌ಗೆ ಇನ್ನೊಂದು ಗುಣವಿದೆ. ಗಾಬರಿಯಾದಾಗ ನಾವು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತೇವೆ. ಹಿಡಿಕೆ ಬಿಗಿಯಾದಾಗ ಹೆಬ್ಬೆರಳೂ ಒತ್ತಿಕೊಳ್ಳುತ್ತದೆ. ನಿಲ್ಲಬೇಕಾದ ಗಾಡಿ ಮುಂದಕ್ಕೆ ನುಗ್ಗುತ್ತದೆ. ಹೊಸಬರು ನೆಟ್ಟಗೆ ಗದ್ದೆಗೆ ಇಳಿಯುವುದು ಹೆಚ್ಚಾಗಿ ಹೀಗೆಯೇ. ಬಯಲಿನ ಸುತ್ತಿನಲ್ಲಿ ಓಡಿಸುವುದಕ್ಕಿಂತ ಜಾಸ್ತಿ ಹೊತ್ತು ನಿಲ್ಲಿಸುವುದನ್ನು ಅಭ್ಯಾಸ ಮಾಡಿ. ಬೆರಳು ಬಿಡಿ, ಬ್ರೇಕ್ ಹಿಡಿ. ಬೆರಳು ಬಿಡಿ, ಬ್ರೇಕ್ ಹಿಡಿ. ಇಂಜಿನ್ ಆರಿಸುವ ಕೆಂಪು ಗುಂಡಿ ಎಲ್ಲಿದೆ ಅಂತ ನೋಡದೆಯೇ ಬೆರಳು ಹೋಗುವಷ್ಟು ರೂಢಿಯಾಗಲಿ. ಒಂದು ಗಂಟೆ ಕಳೆಯುವ ಹೊತ್ತಿಗೆ ಆ ಹೆಬ್ಬೆರಳು ಚೆನ್ನಾಗಿ ನೋಯುತ್ತದೆ, ಅದಕ್ಕೂ ರೆಡಿಯಾಗಿರಿ.

ಹಿಂದೆ ಕೂರುವ ಪ್ರಶ್ನೆಗೆ ಬರೋಣ. ಬೇಡ. ಬಹಳಷ್ಟು ಕ್ವಾಡ್‌ಗಳನ್ನು ಒಬ್ಬರಿಗಾಗಿಯೇ ಮಾಡಿರುತ್ತಾರೆ. ಆ ಉದ್ದ ಸೀಟು ಇಬ್ಬರಿಗೆ ಅಂತ ಇಟ್ಟಿದ್ದಲ್ಲ, ಸವಾರ ಹಿಂದೆ ಮುಂದೆ ಸರಿದು ಭಾರ ಹೊಂದಿಸಿಕೊಳ್ಳಲಿ ಅಂತ. ಹಿಂದೆ ಇನ್ನೊಬ್ಬರು ಕೂತರೆ ಓಡಿಸುವವರಿಗೆ ಸರಿಯಲು ಜಾಗವೇ ಇಲ್ಲ, ಭಾರವೂ ಮೇಲೆ ಮತ್ತು ಹಿಂದೆ ಸೇರಿಕೊಳ್ಳುತ್ತದೆ. ಇಬ್ಬರಿಗೆಂದೇ ಮಾಡಿದ ಮಾಡೆಲ್‌ಗಳು ಇವೆ. ಅವು ಉದ್ದವಾಗಿರುತ್ತವೆ, ಹಿಂದೆ ಬೇರೆಯೇ ಸೀಟು, ಒರಗು, ಹಿಡಿಕೆ, ಕಾಲಿಡುವ ಜಾಗ ಇರುತ್ತದೆ. ಮಗನನ್ನು ಕೂರಿಸುವುದಾದರೆ ಅಂಥದ್ದೇ ಇದೆಯಾ ಅಂತ ಮೊದಲೇ ಕೇಳಿ. ಓಡಿಸುವುದು ಗೈಡ್ ಆದರೆ ಇನ್ನೂ ಒಳ್ಳೆಯದು. ಮಗ ತಾನೇ ಓಡಿಸುತ್ತೇನೆ ಅಂತ ಹಟ ಮಾಡುತ್ತಾನೆ, ಮಾಡದೇ ಇರುತ್ತಾನಾ? ದೊಡ್ಡವರ ಕ್ವಾಡ್ 16 ವರ್ಷದೊಳಗಿನ ಮಕ್ಕಳಿಗಲ್ಲ ಅಂತ ಗಾಡಿ ತಯಾರಿಸುವವರೇ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದನ್ನೇ ತೋರಿಸಿ.

ಲೈಸೆನ್ಸ್ ಬಗ್ಗೆ: ಗೈಡ್ ಮುಂದೆ ಹೋಗಿ ಕರೆದೊಯ್ಯುವ ಇಂಥ ಸವಾರಿಗಳಲ್ಲಿ ಸಾಮಾನ್ಯವಾಗಿ ಕೇಳುವುದಿಲ್ಲ. ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಅಷ್ಟೇ. ಆ ಹಾಳೆಯನ್ನು ಓದಿ. ಏನಾದರೂ ಆದರೆ ನಾವು ಹೊಣೆಯಲ್ಲ ಅಂತ ಅದರಲ್ಲಿರುತ್ತದೆ, ಗಾಡಿ ಹಾಳಾದರೆ ದುಡ್ಡು ನೀವು ಕಟ್ಟಬೇಕು ಅಂತಲೂ ಇರುತ್ತದೆ. ಹತ್ತುವ ಮೊದಲು ಗಾಡಿಯ ಸುತ್ತ ಫೋನಿನಲ್ಲಿ ಒಂದು ವಿಡಿಯೊ ಮಾಡಿಕೊಳ್ಳಿ, ಹಳೆಯ ಗೀರುಗಳು ನಿಮ್ಮ ಲೆಕ್ಕಕ್ಕೆ ಬರುವುದು ಬೇಡ. ಅಡ ಇಡಿ ಅಂತ ಪಾಸ್‌ಪೋರ್ಟ್ ಕೇಳಿದರೆ ಕೊಡಬೇಡಿ.

ಟೂರ್‌ನವರು ಲೈಸೆನ್ಸ್ ಕೇಳಲಿಲ್ಲ ಅಂದ ಮಾತ್ರಕ್ಕೆ ವಿಮೆಯವರೂ ಕೇಳುವುದಿಲ್ಲ ಅಂತಲ್ಲ. ನಮ್ಮಲ್ಲಿ ಮಾರುವ ಎಷ್ಟೋ ಪ್ರಯಾಣ ವಿಮೆಗಳಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುತ್ತಾರೆ. ಪಾಲಿಸಿಯಲ್ಲಿ ‘ಇವು ಒಳಪಡುವುದಿಲ್ಲ’ ಎಂಬ ಪುಟ ತೆಗೆದು ಕ್ವಾಡ್, ಎಟಿವಿ (ಕ್ವಾಡ್‌ಗೆ ಇನ್ನೊಂದು ಹೆಸರು) ಎಂಬ ಪದಗಳನ್ನು ಹುಡುಕಿ. ಸ್ಪಷ್ಟವಾಗಿಲ್ಲದಿದ್ದರೆ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ‘ಎಲ್ಲಾ ಕವರ್ ಆಗುತ್ತೆ ಮೇಡಂ’ ಅಂದದ್ದು ಲೆಕ್ಕಕ್ಕಿಲ್ಲ. ಸಿಯೆಮ್ ರೀಪ್‌ನಲ್ಲಿ ಆಸ್ಪತ್ರೆಗಳಿವೆ. ಆದರೆ ದೊಡ್ಡ ಪೆಟ್ಟಾದರೆ ವಿದೇಶಿಯರನ್ನು ಬ್ಯಾಂಕಾಕ್‌ಗೆ ಸಾಗಿಸುವುದು ಸಾಮಾನ್ಯ, ಅದರ ಖರ್ಚು ಬಹಳ ದುಬಾರಿ.

ಸರಿ, ಇಷ್ಟೆಲ್ಲ ಹೆದರಿಸಿದ ಮೇಲೆ ಹೋಗಿ ಅಂತ ಯಾಕೆ ಹೇಳುತ್ತಿದ್ದೇನೆ? ದಾರಿ ಚೆನ್ನಾಗಿದೆ, ಅದಕ್ಕೆ. ಅಂಕೋರ್‌ನಲ್ಲಿ ಕಲ್ಲು ನೋಡಿ ನೋಡಿ ಕಣ್ಣು ದಣಿದಿರುತ್ತದೆ. ಊರು ದಾಟಿ ಹತ್ತು ನಿಮಿಷವಾದರೆ ಕೆಂಪು ಮಣ್ಣಿನ ದಾರಿ, ಎರಡೂ ಕಡೆ ಭತ್ತದ ಗದ್ದೆ, ಬದುಗಳ ಮೇಲೆ ಎತ್ತರದ ತಾಳೆ ಮರಗಳು. ನಮ್ಮಲ್ಲಿ ತಾಟಿನಿಂಗು ಬಿಡುವ ಮರವೇ. ಅಲ್ಲಿಯವರು ಅದರ ರಸ ಇಳಿಸಿ ಕಾಯಿಸಿ ಬೆಲ್ಲ ಮಾಡುತ್ತಾರೆ. ಮನೆಗಳು ಕಂಬಗಳ ಮೇಲೆ ನಿಂತಿರುತ್ತವೆ, ಕೆಳಗಿನ ನೆರಳಿನಲ್ಲಿ ತೂಗುಮಂಚ, ಕೋಳಿ, ಸ್ಕೂಟರ್, ಮಗ್ಗ ಎಲ್ಲಾ ಇರುತ್ತವೆ. ಎಮ್ಮೆ ಅಡ್ಡ ಬಂದರೆ ಗೈಡ್ ಕೈ ಎತ್ತುತ್ತಾನೆ, ಇಡೀ ಸಾಲು ನಿಲ್ಲುತ್ತದೆ.

ನವೆಂಬರ್ ಒಳ್ಳೆಯ ಆಯ್ಕೆ. ಅಲ್ಲಿ ಮಳೆಗಾಲ ಮೇಯಿಂದ ಅಕ್ಟೋಬರ್‌ವರೆಗೆ. ನೀವು ಹೋಗುವ ಹೊತ್ತಿಗೆ ಭತ್ತ ಕೆಲವು ಕಡೆ ಹಸಿರು, ಕೆಲವು ಕಡೆ ಹಳದಿ, ಕೆಲವು ಕಡೆ ಕೊಯ್ಲು. ಮಾರ್ಚ್, ಏಪ್ರಿಲ್‌ನಲ್ಲಿ ಹೋದವರು ಫೋಟೊದಲ್ಲಿದ್ದ ಹಸಿರು ಎಲ್ಲಿ ಅಂತ ಕೇಳುತ್ತಾರೆ. ಆಗ ಹೆಚ್ಚಿನ ಗದ್ದೆಗಳಲ್ಲಿ ಬರೀ ಕೂಳೆ ಮತ್ತು ಧೂಳು, ಜೊತೆಗೆ ಉರಿಬಿಸಿಲು.

ಕೊಯ್ಲಿನ ಕಾಲಕ್ಕೆ ಒಂದು ಎಚ್ಚರಿಕೆ. ಹಳ್ಳಿ ರಸ್ತೆಯ ಅಂಚಿನಲ್ಲಿ ನೀಲಿ ಬಲೆ, ಟಾರ್ಪಾಲ್ ಹಾಸಿ ಭತ್ತ ಒಣಹಾಕಿರುತ್ತಾರೆ. ನಮ್ಮ ಕಡೆ ರಾಗಿ, ಹುರುಳಿಯನ್ನು ರಸ್ತೆಗೆ ಹರಡುವುದು ವಾಹನಗಳು ಹತ್ತಿ ಹೋಗಿ ಒಕ್ಕಣೆಯಾಗಲಿ ಅಂತ. ಅಲ್ಲಿ ಹಾಗಲ್ಲ. ಕಾಳು ಆಗಲೇ ಬಿಡಿಸಿಯಾಗಿದೆ, ಅದು ಅವರ ವರ್ಷದ ಅನ್ನ. ಅದರ ಮೇಲೆ ಚಕ್ರ ಹತ್ತಿಸಬೇಡಿ. ಮಕ್ಕಳು ‘ಹೆಲೋ’ ಎನ್ನುತ್ತಾ ಕೈತಟ್ಟಲು ಓಡಿ ಬರುತ್ತಾರೆ. ಓಡುವ ಗಾಡಿಯಿಂದ ಕೈ ಚಾಚಬೇಡಿ. ನಿಂತಾಗ ಮಾತಾಡಿಸಿ. ಅವರ ಅಂಗಳದ ಮುಂದೆ ದಿನಾ ಸಂಜೆ ಧೂಳೆಬ್ಬಿಸಿ ಹೋಗುವವರು ನಾವು, ಮನೆಗಳ ಹತ್ತಿರ ವೇಗ ತಗ್ಗಿಸುವುದು ಕನಿಷ್ಠ ಮರ್ಯಾದೆ. ಹಾಗೆ ಮಾಡದ ಗೈಡ್ ನನಗಂತೂ ಇಷ್ಟವಾಗುವುದಿಲ್ಲ.

ಗೈಡ್ ಹೋದ ಜಾಡಿನಲ್ಲೇ ಹೋಗಬೇಕು. ಮೂತ್ರಕ್ಕೆ ಅಂತ ಕೂಡ ದಾರಿಯಿಲ್ಲದ ಪೊದೆಯೊಳಗೆ ನುಗ್ಗಬೇಡಿ. ದಶಕಗಳ ಯುದ್ಧದಲ್ಲಿ ಹೂತ ನೆಲಬಾಂಬ್‌ಗಳನ್ನು ಕಾಂಬೋಡಿಯಾ ಇಂದಿಗೂ ತೆಗೆಯುತ್ತಲೇ ಇದೆ. ಸವಾರಿ ಸಾಗುವ ದಾರಿಗಳಲ್ಲಿ ಊರವರು ದಿನಾ ಓಡಾಡುತ್ತಾರೆ, ಆ ಬಗ್ಗೆ ಭಯ ಬೇಡ. ಆದರೆ ಜಾಡು ಬಿಡದಿರುವುದು ಈ ದೇಶದ ಹಳೆಯ ನಿಯಮ. ಬಾಂಬ್ ಹುಡುಕಲು ದೊಡ್ಡ ಆಫ್ರಿಕನ್ ಇಲಿಗಳನ್ನು ಪಳಗಿಸಿದ್ದಾರೆ. ಮಗಾವಾ ಎಂಬ ಇಲಿ ತನ್ನ ಸೇವೆಯುದ್ದಕ್ಕೂ ಒಟ್ಟು 100ಕ್ಕೂ ಹೆಚ್ಚು ನೆಲಬಾಂಬ್ ಮತ್ತು ಸ್ಫೋಟಕಗಳನ್ನು ಹುಡುಕಿತು, 2020ರಲ್ಲಿ ಬ್ರಿಟನ್ನಿನ ಪ್ರಾಣಿ ಸೇವಾ ಸಂಸ್ಥೆ ಪಿಡಿಎಸ್‌ಎಯ ಚಿನ್ನದ ಪದಕವನ್ನೂ ಪಡೆಯಿತು. ಆ ಇಲಿಗಳನ್ನು ಪಳಗಿಸುವ ಅಪೋಪೋ ಸಂಸ್ಥೆಯ ಸಂದರ್ಶಕರ ಕೇಂದ್ರ ಸಿಯೆಮ್ ರೀಪ್‌ನಲ್ಲೇ ಇದೆ. ಮಗನಿಗೆ ಕ್ವಾಡ್‌ಗಿಂತ ಅದೇ ಹೆಚ್ಚು ಹಿಡಿಸಿದರೂ ಆಶ್ಚರ್ಯವಿಲ್ಲ.

ಇನ್ನೊಂದು, ಅಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ. ನಮಗೆ ಎಡ ರೂಢಿ. ಗೈಡ್ ಹಿಂದೆ ಸಾಲಾಗಿ ಹೋಗುವಾಗ ತೊಂದರೆಯಿಲ್ಲ. ಎದುರಿಗೆ ಟ್ರ್ಯಾಕ್ಟರ್ ಬಂದಾಗ ಮಾತ್ರ ಕೈ ತಾನಾಗಿ ಎಡಕ್ಕೆ ತಿರುಗುತ್ತದೆ. ಇದು ಕೂಡ ವರ್ಷಗಟ್ಟಲೆ ಗಾಡಿ ಓಡಿಸಿದವರಿಗೇ ಜಾಸ್ತಿ, ಯಜಮಾನರಿಗೆ ಹೇಳಿ.

ಬಟ್ಟೆ ವಿಷಯದಲ್ಲಿ ಸ್ಟೈಲ್ ಬೇಡ. ಪೂರ್ತಿ ಪ್ಯಾಂಟು, ಮುಚ್ಚಿದ ಶೂ. ಚಡ್ಡಿ ಹಾಕಿದವರ ಕಾಲಿಗೆ ಸೈಲೆನ್ಸರ್ ತಗುಲಿ ಬೊಬ್ಬೆ ಬರುತ್ತದೆ. ವೇಲ್ ಹಾಕಬೇಡಿ, ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತೆ ಅಂತ ನಮ್ಮ ಊರಿನ ಸ್ಕೂಟರ್‌ಗಳೇ ಕಲಿಸಿವೆ. ಮುಂದಿನ ಗಾಡಿಯ ಧೂಳೆಲ್ಲ ಹಿಂದಿನವರ ಮುಖಕ್ಕೇ ಬರುತ್ತದೆ. ಅಲ್ಲಿಯವರು ಕತ್ತಿಗೆ ಸುತ್ತುವ ಚೌಕಳಿ ಬಟ್ಟೆ ಕ್ರಮಾ ಒಂದನ್ನು ಮಾರುಕಟ್ಟೆಯಲ್ಲಿ ಕೊಂಡು ಮೂಗು ಬಾಯಿಗೆ ಕಟ್ಟಿ. ತುದಿಗಳನ್ನು ಶರ್ಟಿನೊಳಗೆ ಸಿಕ್ಕಿಸಿ. ಕನ್ನಡಕ ಹಾಕುವವರಾದರೆ ಒಳ್ಳೆಯದೇ, ಇಲ್ಲದಿದ್ದರೆ ಗಾಗಲ್ಸ್ ಕೇಳಿ. ಹೆಲ್ಮೆಟ್ ಪಟ್ಟಿ ಗಲ್ಲದ ಕೆಳಗೆ ಬಿಗಿಯಾಗದಿದ್ದರೆ ಬೇರೆ ಕೊಡಿ ಅನ್ನಿ, ಮುಜುಗರ ಬೇಡ.

ದುಡ್ಡಿನ ಲೆಕ್ಕ ಡಾಲರ್‌ನಲ್ಲೇ ನಡೆಯುತ್ತದೆ. ಚಿಲ್ಲರೆ ಮಾತ್ರ ರಿಯೆಲ್‌ನಲ್ಲಿ ಕೊಡುತ್ತಾರೆ, ಡಾಲರಿಗೆ ಸುಮಾರು 4000. ಅಂಚು ಹರಿದ ಡಾಲರ್ ನೋಟನ್ನು ಮುಟ್ಟುವುದಿಲ್ಲ, ಬೆಂಗಳೂರಿನಲ್ಲಿ ತೆಗೆದುಕೊಳ್ಳುವಾಗಲೇ ನೋಡಿಕೊಳ್ಳಿ. ಬುಕ್ ಮಾಡುವಾಗ ಒಬ್ಬ ಗೈಡ್‌ಗೆ ಎಷ್ಟು ಗಾಡಿ ಅಂತ ಕೇಳಿ. ಹೊಸಬರು ನಾಲ್ಕಕ್ಕಿಂತ ಹೆಚ್ಚಾದರೆ ಸಾಲಿನ ಕೊನೆಯಲ್ಲೂ ಒಬ್ಬ ಗೈಡ್ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಸಾಲಿನಲ್ಲಿ ನೀವು ಗೈಡ್‌ನ ಹಿಂದೆಯೇ ನಿಲ್ಲಿ, ಯಜಮಾನರು ನಿಮ್ಮ ಹಿಂದೆ ಬರಲಿ. ನಿಧಾನದವರು ಮುಂದಿದ್ದರೆ ಇಡೀ ಗುಂಪು ನಿಧಾನವಾಗುತ್ತದೆ.

ಎಲ್ಲರೂ ಕೇಳುವುದು ಸೂರ್ಯಾಸ್ತದ ಸವಾರಿ. ನವೆಂಬರ್‌ನಲ್ಲಿ ಅಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಹಾಗಾಗಿ ನಾಲ್ಕು ಗಂಟೆಗೆ ಹೊರಡುವುದನ್ನೇ ಹಿಡಿಯಿರಿ. ಕತ್ತಲಲ್ಲಿ ಧೂಳಿನ ದಾರಿ ಹೊಸಬರಿಗಲ್ಲ. ಇಳಿದ ದಿನವೇ ಬುಕ್ ಮಾಡಬೇಡಿ. 2023ರಲ್ಲಿ ಶುರುವಾದ ಹೊಸ ವಿಮಾನ ನಿಲ್ದಾಣ ಊರಿನಿಂದ ಸುಮಾರು ಒಂದು ಗಂಟೆ ದೂರ, ಬ್ಯಾಂಕಾಕ್‌ನಲ್ಲಿ ವಿಮಾನ ಬದಲಿಸಿ ಬಂದವರು ರೂಮು ಸೇರುವಷ್ಟರಲ್ಲಿ ಅರೆನಿದ್ದೆಯಲ್ಲಿರುತ್ತಾರೆ. ಮರುದಿನಕ್ಕೆ ಇಟ್ಟುಕೊಳ್ಳಿ.