ವಯೋಮಿಂಗ್ ಟಿಪ್ಪಣಿ: 1869 ಸರಿಯೋ, 1890 ಸರಿಯೋ?

ಅಮೆರಿಕದ ವಯೋಮಿಂಗ್ ರಾಜ್ಯದ ಇತಿಹಾಸ ಓದುವಾಗ ನಾನು ಎರಡು ದಿನ ಒದ್ದಾಡಿದ್ದು ಒಂದೇ ವಿಷಯಕ್ಕೆ. ಮಹಿಳೆಯರಿಗೆ ಮತದಾನದ ಹಕ್ಕು 1869ರಲ್ಲಿ ಸಿಕ್ಕಿತು ಅಂತ ಒಂದು ಕಡೆ ಇದೆ. ಆ ಹಕ್ಕಿನೊಂದಿಗೆ ರಾಜ್ಯವಾದದ್ದು 1890ರಲ್ಲಿ ಅಂತ ಇನ್ನೊಂದು ಕಡೆ. ಹಾಗಾದರೆ ನಡುವಿನ 21 ವರ್ಷ ಏನಿತ್ತು?

ಗಂಟು ಇರುವುದು ‘ಟೆರಿಟರಿ’ ಎಂಬ ಪದದಲ್ಲಿ. 1868ರಲ್ಲಿ ವಯೋಮಿಂಗ್ ಆದದ್ದು ಟೆರಿಟರಿ, ರಾಜ್ಯ ಅಲ್ಲ. ಗವರ್ನರ್‌ನನ್ನು ನೇಮಿಸುವವರು ಅಮೆರಿಕದ ಅಧ್ಯಕ್ಷರು. ಅಲ್ಲಿನ ಶಾಸನಸಭೆ ಮಾಡಿದ ಕಾನೂನನ್ನು ವಾಷಿಂಗ್ಟನ್‌ನಲ್ಲಿ ಕೂತ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಅಳಿಸಿಹಾಕಬಹುದಿತ್ತು. 1869ರ ಡಿಸೆಂಬರ್ 10ರಂದು ಗವರ್ನರ್ ಜಾನ್ ಕ್ಯಾಂಪ್‌ಬೆಲ್ ಸಹಿ ಹಾಕಿದ್ದು ಅಂಥ ಕಾನೂನಿಗೆ. ಹಕ್ಕು ಬಂತು, ಆದರೆ ಬೀಗ ಬಿದ್ದಿರಲಿಲ್ಲ.

ಇದು ನನಗೆ ಮನದಟ್ಟಾದದ್ದು ಪಕ್ಕದ ಯೂಟಾ ನೋಡಿದ ಮೇಲೆ. ಯೂಟಾ ಟೆರಿಟರಿ 1870ರ ಫೆಬ್ರವರಿಯಲ್ಲಿ ಇದೇ ಕಾನೂನು ತಂದಿತು. ಎರಡೇ ದಿನಕ್ಕೆ ಸಾಲ್ಟ್ ಲೇಕ್ ಸಿಟಿಯಲ್ಲಿ ಸೆರಾಫ್ ಯಂಗ್ ಮತ ಹಾಕಿದಳು. ವಯೋಮಿಂಗ್‌ನ ಲಾರಮಿ ಊರಿನಲ್ಲಿ ಲೂಯಿಸಾ ಸ್ವೇನ್ ಎಂಬ ಅಜ್ಜಿ ಮತ ಹಾಕಿದ್ದು ಸೆಪ್ಟೆಂಬರ್ 6ಕ್ಕೆ. ಹಿಟ್ಟು ಹುದುಗಿಸುವ ಈಸ್ಟ್ ತರಲು ಪಾತ್ರೆ ಹಿಡಿದು ಹೊರಟವಳು ಹಾಗೇ ಮತಗಟ್ಟೆಗೆ ಹೋದಳು ಅನ್ನುತ್ತಾರೆ. ಅಂದರೆ ಕಾನೂನು ಮೊದಲು ವಯೋಮಿಂಗ್‌ನದು, ಮತ ಮೊದಲು ಯೂಟಾದ್ದು. ಈಗ ಮುಖ್ಯ ಹೆಜ್ಜೆ: ಅಲ್ಲಿನ ಮಾರ್ಮನ್ ಪಂಥದವರ ಬಹುಪತ್ನಿತ್ವದ ಜಗಳದಲ್ಲಿ 1887ರಲ್ಲಿ ಕಾಂಗ್ರೆಸ್ ಯೂಟಾ ಹೆಂಗಸರ ಹಕ್ಕನ್ನೇ ಕಿತ್ತುಕೊಂಡಿತು. 1896ರಲ್ಲಿ ಯೂಟಾ ರಾಜ್ಯವಾದ ಮೇಲಷ್ಟೇ ಅದು ಮರಳಿತು. ಟೆರಿಟರಿಯ ಹಕ್ಕು ಎಷ್ಟು ಸಡಿಲ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ವಯೋಮಿಂಗ್‌ನಲ್ಲೂ 1871ರಲ್ಲಿ ಅಲ್ಲಿನ ಶಾಸಕರೇ ಕಾನೂನು ರದ್ದು ಮಾಡಲು ಹೊರಟರು. ಕ್ಯಾಂಪ್‌ಬೆಲ್ ವೀಟೋ ಹಾಕಿದ, ಅಂದರೆ ಸಹಿ ಹಾಕದೆ ತಡೆದ. ವೀಟೋ ಮುರಿಯಲು ಮೇಲ್ಮನೆಯಲ್ಲಿ ಒಂದೇ ಒಂದು ಮತ ಕಡಿಮೆ ಬಿತ್ತು. ಇದನ್ನು ಓದುವಾಗ ನಿಜಕ್ಕೂ ಉಸಿರು ಬಿಗಿಹಿಡಿದಿದ್ದೆ.

1890ರಲ್ಲಿ ಆದದ್ದು ಬೀಗದ ಕೆಲಸ. ಹಕ್ಕನ್ನು ರಾಜ್ಯದ ಸಂವಿಧಾನದಲ್ಲೇ ಬರೆದು ಕಳಿಸಿದರು. ಕಾಂಗ್ರೆಸ್‌ನ ಕೆಳಮನೆಯಲ್ಲಿ ಪರ 139, ವಿರೋಧ 127 ಮತಗಳಲ್ಲಿ ಪಾಸಾಯಿತು. ಜುಲೈ 10ಕ್ಕೆ 44ನೇ ರಾಜ್ಯ.

ನಾನು ನೆನಪಿಟ್ಟುಕೊಂಡದ್ದು ಹೀಗೆ: 69 ಸಹಿ, 70 ಮತ, 71 ವೀಟೋ, 90 ಬೀಗ.

ಉಳಿದದ್ದು ಬೇಗ: 1867 ರೈಲು ಬಂತು, ಶೈಯೆನ್ ಪಟ್ಟಣ ಹುಟ್ಟಿತು, 1872 ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ, 1892 ಜಾನ್ಸನ್ ಕೌಂಟಿಯಲ್ಲಿ ದನದ ದೊಡ್ಡ ಧಣಿಗಳಿಗೂ ಸಣ್ಣ ರೈತರಿಗೂ ಗುಂಡಿನ ಕಾಳಗ. 1925ಕ್ಕೆ ನೆಲ್ಲಿ ಟೇಲೋ ರಾಸ್, ದೇಶದ ಮೊದಲ ಮಹಿಳಾ ಗವರ್ನರ್. ಇಲ್ಲೂ ಅದೇ ಗೊಂದಲ: ಟೆಕ್ಸಸ್‌ನ ಮಿರಿಯಮ್ ಫರ್ಗುಸನ್ ಗವರ್ನರ್ ಚುನಾವಣೆ ಗೆದ್ದದ್ದೂ ರಾಸ್ ಗೆದ್ದ ದಿನವೇ, 1924ರಲ್ಲಿ. ಪ್ರಮಾಣವಚನದಲ್ಲಿ ರಾಸ್ 15 ದಿನ ಮುಂದೆ.